ಲಿನಕ್ಸ್ ಲ್ಯಾಪ್‌ಟಾಪ್ ಮುಚ್ಚಿ ಬ್ಯಾಗಿಗೆ ಹಾಕುವ ಮುಂಚೆ ಸ್ವಲ್ಪ ನಿಲ್ಲಿ

ಹೋದ ತಿಂಗಳು ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಂದ ಮಂಗಳೂರಿಗೆ ಹೊರಟಿದ್ದೆ. ಹೊಸ ಲ್ಯಾಪ್‌ಟಾಪ್, ವಿಂಡೋಸ್ ಥರದ್ದೇ ಆಪರೇಟಿಂಗ್ ಸಿಸ್ಟಮ್ ಆದ ಲಿನಕ್ಸ್‌ನ ಉಬುಂಟು ಹಾಕಿ ಮೂರೇ ದಿನ. ಚಾರ್ಜ್ 94% ಇತ್ತು. ಮುಚ್ಚಿ ಬ್ಯಾಗಿಗೆ ತುರುಕಿ, ತೊಡೆ ಮೇಲಿಟ್ಟುಕೊಂಡು ನಿದ್ದೆ ಹೋದೆ. ಸಕಲೇಶಪುರ ದಾಟಿದ ಮೇಲೆ ತೊಡೆ ಚುರುಗುಟ್ಟಿ ಎಚ್ಚರವಾಯಿತು. ಜಿಪ್ ತೆಗೆದರೆ ಇಸ್ತ್ರಿ ಪೆಟ್ಟಿಗೆಯಂಥ ಕಾವು, ಫ್ಯಾನು ಗುಂಯ್ ಅಂತಿದೆ. ಮಂಗಳೂರು ತಲುಪುವಷ್ಟರಲ್ಲಿ ಬ್ಯಾಟರಿ ಪೂರ್ತಿ ಖಾಲಿ.

ಅಂಗಡಿಯವರು "ಲಿನಕ್ಸ್ ಆರಾಮಾಗಿ ಓಡುತ್ತೆ ಸರ್" ಅಂದಿದ್ದರು. ಸುಳ್ಳೇನಲ್ಲ. ವೈಫೈ, ಸೌಂಡು, ಕ್ಯಾಮೆರಾ ಎಲ್ಲ ಓಡಿತು. ಓಡುತ್ತಾ ಅಂತ ಕೇಳಿದ್ದೆ, ಮುಚ್ಚಿದಾಗ ಮಲಗುತ್ತಾ ಅಂತ ಕೇಳಿರಲಿಲ್ಲ.

ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಎಸ್3 ಅನ್ನೋ ನಿದ್ದೆ ಇತ್ತು. ರ‍್ಯಾಮಿಗೆ ಮಾತ್ರ ಕರೆಂಟು, ಉಳಿದದ್ದು ಬಹುತೇಕ ಆಫ್. ಈಗಿನ ಎಷ್ಟೋ ಮಾಡೆಲ್‌ಗಳ ಫರ್ಮ್‌ವೇರ್‌ನಲ್ಲಿ (ಮೆಷೀನಿನೊಳಗೇ ಬರುವ ಮೂಲ ಸಾಫ್ಟ್‌ವೇರ್) ಅದೇ ಇಲ್ಲ. ವಿಂಡೋಸ್‌ನ ಮಾಡರ್ನ್ ಸ್ಟ್ಯಾಂಡ್‌ಬೈ, ಅಂದರೆ ಫೋನಿನ ಥರದ ಅರೆ ಎಚ್ಚರದ ನಿದ್ದೆ, ನೋಡಿಕೊಂಡು ಮಾಡಿದ ಮೆಷೀನುಗಳವು. ಅಲ್ಲಿ ಲಿನಕ್ಸ್‌ಗೆ ಉಳಿಯೋದು ಎಸ್2ಐಡಲ್ ಅನ್ನೋ ಹಗುರ ನಿದ್ದೆ. ಇದರಲ್ಲಿ ಒಂದೊಂದು ಚಿಪ್ಪನ್ನೂ ಅದರದರ ಡ್ರೈವರೇ (ಆ ಚಿಪ್ಪನ್ನು ನಡೆಸುವ ಸಾಫ್ಟ್‌ವೇರ್) ಮಲಗಿಸಬೇಕು. ಕೈಕೂಸಿರುವ ಮನೆ ಇದ್ದ ಹಾಗೆ, ಒಂದು ಎದ್ದು ಕೂತರೆ ಸಿಪಿಯುಗೂ ಗಾಢ ನಿದ್ದೆ ಇಲ್ಲ. ನನ್ನದರಲ್ಲಿ ಎದ್ದು ಕೂತಿದ್ದದ್ದು ಎರಡನೇ ಗ್ರಾಫಿಕ್ಸ್ ಚಿಪ್. ನಾನು ಆಟ ಆಡೋದೂ ಇಲ್ಲ, ಸುಮ್ನೆ ಜಾಸ್ತಿ ದುಡ್ಡು ಕೊಟ್ಟು ತಂದದ್ದು!

ಕೊಳ್ಳುವ ಮುಂಚೆ ಲೈವ್ ಪೆನ್‌ಡ್ರೈವ್ (ಇನ್‌ಸ್ಟಾಲ್ ಮಾಡದೆಯೇ ಲಿನಕ್ಸ್ ಓಡಿಸುವಂಥದ್ದು) ಜೇಬಲ್ಲಿಟ್ಟುಕೊಂಡು ಹೋಗಿ. ಬೂಟ್ ಮಾಡಿ, ಸಿಸ್ ಫೋಲ್ಡರಿನೊಳಗಿನ ಪವರ್ ಫೋಲ್ಡರಿನಲ್ಲಿ ಮೆಮ್‌ಸ್ಲೀಪ್ ಫೈಲು (/sys/power/mem_sleep) ತೆರೆಯಿರಿ. 'ಡೀಪ್' (deep) ಅಂತ ಇದ್ದರೆ ಎಸ್3 ಇದೆ ಅಂತರ್ಥ. ಇಲ್ಲದಿದ್ದರೆ ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಬೂಟ್ ಆಗುವಾಗ ಪ್ಯಾರಾಮೀಟರ್ ಕೊಟ್ಟರೂ ಬರಲ್ಲ, ಒಂದಿಡೀ ಭಾನುವಾರ ಅದಕ್ಕೇ ಸುಟ್ಟೆ. ಬರೀ ಎಸ್2ಐಡಲ್ ಇದ್ದ ಮಾತ್ರಕ್ಕೆ ಬಿಟ್ಟುಬಿಡಬೇಕಿಲ್ಲ, ಚೆನ್ನಾಗಿ ಮಲಗುವವೂ ಇವೆ. ಐದು ನಿಮಿಷ ಸಸ್ಪೆಂಡ್ ಮಾಡಿ, ಅಂದರೆ ಮಲಗಿಸಿ, ಎಬ್ಬಿಸಿ. ಹೊಸ ಕರ್ನಲ್ ಆದರೆ ಅದೇ ಪವರ್ ಫೋಲ್ಡರಿನ ಸಸ್ಪೆಂಡ್ ಸ್ಟ್ಯಾಟ್ಸ್‌ನಲ್ಲಿ (suspend_stats/last_hw_sleep) ಹಾರ್ಡ್‌ವೇರ್ ಎಷ್ಟು ಹೊತ್ತು ಮಲಗಿತ್ತು ಅಂತ ಮೈಕ್ರೋಸೆಕೆಂಡ್ ಲೆಕ್ಕದಲ್ಲಿ ಸಿಗುತ್ತೆ. ನನ್ನದರಲ್ಲಿ ಅಲ್ಲಿ ಇದ್ದದ್ದು 0. ಅಂಗಡಿಯಲ್ಲೇ ನೋಡಿದ್ದರೆ ಅಲ್ಲೇ ಬಿಟ್ಟು ಬರಬಹುದಿತ್ತು, ಅಲ್ವಾ?

ಸರ್ವಿಸ್ ಸೆಂಟರಿನವರು "ವಿಂಡೋಸ್ ಹಾಕ್ಕೊಂಡು ಬನ್ನಿ, ಆಮೇಲೆ ನೋಡೋಣ" ಅಂದರು. ಕೊನೆಗೆ ಹೈಬರ್ನೇಟ್, ಅಂದರೆ ರ‍್ಯಾಮಿನಲ್ಲಿರೋದನ್ನ ಡಿಸ್ಕಿಗೆ ಬರೆದು ಪೂರ್ತಿ ಆಫ್ ಆಗೋದು, ಪ್ರಯತ್ನಿಸಿದೆ, ಅದಕ್ಕೆ ರ‍್ಯಾಮಿನಷ್ಟು ಸ್ವಾಪ್ (ಡಿಸ್ಕಿನಲ್ಲಿ ಮೀಸಲಿಟ್ಟ ಜಾಗ) ಮಾಡಬೇಕಾಯಿತು. ಸೆಕ್ಯೂರ್ ಬೂಟ್ (ಸಹಿ ಇಲ್ಲದ ಸಾಫ್ಟ್‌ವೇರ್ ಬೂಟ್ ಆಗದಂತೆ ತಡೆಯುವ ಕಾವಲು) ಆನ್ ಇದ್ದರೆ ಕರ್ನಲ್ ಅದಕ್ಕೂ ಬಿಡಲಿಲ್ಲ, ಆಫ್ ಮಾಡಿದೆ. ಈಗ ಏಳೋಕೆ ಅರ್ಧ ನಿಮಿಷ ತಗೊಳ್ಳುತ್ತೆ, ಬ್ಯಾಗ್ ಮಾತ್ರ ತಣ್ಣಗಿರುತ್ತೆ.