ಬೆಣ್ಣೆ ಹಳದಿಯೋ, ಕಡು ಹಸಿರೋ?

ಮೈಸೂರಿನ ನಮ್ಮ ಹಳೇ ಮನೆಯ ಮಲಗುವ ರೂಮು 10 ಅಡಿ ಅಗಲ, 12 ಅಡಿ ಉದ್ದ. ಇರುವುದು ಒಂದೇ ಕಿಟಕಿ, ಅದೂ ಉತ್ತರಕ್ಕೆ. ಹಿಂದೊಮ್ಮೆ ಪೇಂಟ್ ಕಂಪನಿಯ ಶೇಡ್ ಕಾರ್ಡಿನಲ್ಲಿ ಬೆರಳಗಲದ ಬಣ್ಣ ನೋಡಿ ಮೋಸ ಹೋಗಿದ್ದೆ. ಈ ಸಲ ಗೋಡೆಗೆ ಬೆಣ್ಣೆ ಹಳದಿಯೋ ಕಡು ಹಸಿರೋ ಎಂದು ತೀರ್ಮಾನಿಸಲು ಎರಡೂ ಬಣ್ಣದ 200 ಮಿಲಿ ಡಬ್ಬಿ ತಂದು, ಎರಡು ಗೋಡೆಗಳ ಮೇಲೂ ಅಕ್ಕಪಕ್ಕ ನೆಲದವರೆಗೆ ಬಳಿದು, ಒಂದು ವಾರ ಹಾಗೇ ಬಿಟ್ಟೆ.

ಹಗಲಿನಲ್ಲಿ ಹಳದಿಗೇ ಗೆಲುವು. ಆ ಮೂಲೆಗೆ ಯಾರೋ ಬೆಳಕು ಚೆಲ್ಲಿದ ಹಾಗಿತ್ತು. ಪಕ್ಕದ ಹಸಿರು, ಗೋಡೆಗೆ ಕೊರೆದ ಗೂಡಿನಂತೆ ಕಪ್ಪಗೆ ಕೂತಿತ್ತು. ಆದರೆ ತಿಳಿ ಬಣ್ಣಕ್ಕೆ ಒಂದು ಚಾಳಿ, ಸುತ್ತ ಇರುವುದರ ಬಣ್ಣವೆಲ್ಲ ಅದಕ್ಕೆ ಅಂಟಿಕೊಳ್ಳುತ್ತದೆ. ನಮ್ಮದು ರೆಡ್ ಆಕ್ಸೈಡ್ ನೆಲ. ನೆಲದ ಹತ್ತಿರ ಒಂದು ಗೇಣು ಹಳದಿ, ಮಾವಿನ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಕಿಟಕಿ ಕಡೆ ಹೊರಗಿನ ಬೇವಿನ ಮರದ ಹಸಿರು ಬಿದ್ದು ನಿಂಬೆಕಾಯಿಯಂತೆ ಕಾಣುತ್ತಿತ್ತು. "ಎರಡೂ ಒಂದೇ ಡಬ್ಬಿದಾ?" ಎಂದಳು ಹೆಂಡತಿ.

ರಾತ್ರಿ ಆಟ ಬದಲಾಯಿತು. ಟ್ಯೂಬ್‌ಲೈಟಿನ 6500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ, ಕಡಿಮೆಯಾದಷ್ಟೂ ಹಳದಿ) ಬಿಳಿ ಬೆಳಕಿನಲ್ಲಿ ಹಸಿರು ಬಣ್ಣ ಆಸ್ಪತ್ರೆಯ ಪರದೆಯಂತೆ, ಹಳದಿ ಬಣ್ಣ ಹುಳಿ ಮಜ್ಜಿಗೆಯಂತೆ. ಎರಡೂ ಬೇಡ ಅನ್ನಿಸಿತು. ಸುಮ್ನೆ ನೋಡೋಣ ಅಂತ 3000 ಕೆಲ್ವಿನ್ ಬಲ್ಬ್ ಹಾಕಿದೆ. ಹಳದಿ ಮೇಲೆ ಹಳದಿ ಬೆಳಕು ಬಿದ್ದು ಗೋಡೆಗೆ ಕಾಮಾಲೆ ಬಂದಂತಾಯಿತು. ಹಸಿರು ಮಾತ್ರ ದೀಪದ ಮುಂದೆ ಹಿಡಿದ ಬಾಳೆ ಎಲೆಯ ಹಾಗೆ ಮೆತ್ತಗಾಯಿತು.

ನಾವು ಈ ರೂಮಿಗೆ ಕಾಲಿಡುವುದೇ ರಾತ್ರಿ ಎಂಟರ ಮೇಲೆ. ಅಂದ ಮೇಲೆ ಹಗಲಿನ ಅಂದ ಯಾರಿಗೆ, ಅಲ್ವಾ? ಹಸಿರನ್ನೇ ಹಾಕಿಸಿದೆವು, ಚಾವಣಿ ಬಿಳಿ. ರೂಮು ಹಗಲು ಮಕ್ಕಳು ಓದುವ ಜಾಗವಾಗಿದ್ದರೆ ಎರಡನೇ ಯೋಚನೆ ಇಲ್ಲದೆ ಹಳದಿ ಅನ್ನುತ್ತಿದ್ದೆ.

ಖರ್ಚು ಜಾಸ್ತಿಯೇ ಆಯಿತು. ಎರಡು ಕೋಟ್ ಸಾಕು ಎಂದಿದ್ದರು ಪೇಂಟರ್, ಹಳೇ ಕ್ರೀಮ್ ಬಣ್ಣ ಅಲ್ಲಲ್ಲಿ ಇಣುಕಿ ಮೂರನೆಯದೂ ಬೇಕಾಯಿತು. ಹೊಳಪಿನ ಸ್ಯಾಟಿನ್ ಆಗಿದ್ದರೆ ಒರೆಸುವುದು ಸುಲಭ, ಆದರೆ ಹಳೇ ಗೋಡೆಯ ಪುಟ್ಟಿಯ ಉಬ್ಬುತಗ್ಗೆಲ್ಲ ಎದ್ದು ಕಾಣುತ್ತದೆ. ಅದಕ್ಕೇ ಹೊಳಪಿಲ್ಲದ ಮ್ಯಾಟ್ ಆರಿಸಿದೆವು. ಸ್ವಿಚ್ ಪಕ್ಕ ಎಣ್ಣೆ ಕೈಯ ಗುರುತು ಆಗಲೇ ಎರಡು ಬಿದ್ದಿವೆ. ಒಂದು ನನ್ನದೇ.