ಈ ಟಿವಿಗೆ ಮೊದಲ ವಾರ ಎರಡು ಸ್ಟಾರ್, ಈಗ ನಾಲ್ಕು

ಈ ಟಿವಿ ತಂದು ಎಂಟು ತಿಂಗಳಾಯಿತು. 55 ಇಂಚು, 4ಕೆ, 120 ಹರ್ಟ್ಸ್ (ಅಂದರೆ ಸೆಕೆಂಡಿಗೆ 120 ಚಿತ್ರ), ಲೋಕಲ್ ಡಿಮ್ಮಿಂಗ್ (ಪರದೆಯ ಹಿಂದಿನ ದೀಪ ಕತ್ತಲಿರುವ ಕಡೆ ಮಾತ್ರ ಮಂಕಾಗುವುದು) ಇರುವ ಎಲ್‌ಇಡಿ. ತಂದಿದ್ದೇ ಗೇಮ್ ಆಡೋಕೆ, ಸಿನಿಮಾ ಗಿನಿಮಾ ಎಲ್ಲ ಆಮೇಲೆ. ಮೊದಲ ವಾರದಲ್ಲೇ ರಿವ್ಯೂ ಬರೆದಿದ್ದರೆ ಎರಡು ಸ್ಟಾರ್ ಕೊಟ್ಟು, ಚೆನ್ನಾಗಿ ಬೈದು ಮುಗಿಸುತ್ತಿದ್ದೆ. ಬರೆಯದೇ ಇದ್ದಿದ್ದು ಒಳ್ಳೆಯದಾಯಿತು. ಟಿವಿ ಕೆಟ್ಟದಿರಲಿಲ್ಲ, ಪೆಟ್ಟಿಗೆಯಿಂದ ಬಂದಾಗ ಇದ್ದ ಸೆಟ್ಟಿಂಗ್ ಕೆಟ್ಟದಾಗಿತ್ತು. ಕಂಪನಿ ಹೆಸರು ಹೇಳುವುದಿಲ್ಲ. ಇಲ್ಲಿ ಬರೆಯುವ ಮುಕ್ಕಾಲು ಪಾಲು ನಿಮ್ಮ ಮನೆಯ ಟಿವಿಗೂ ಅನ್ವಯಿಸುತ್ತದೆ, ಅದು ಯಾರದ್ದೇ ಆಗಿರಲಿ.

ಮೊದಲ ದಿನದ ಕಥೆ ಕೇಳಿ. ಪ್ಲೇಸ್ಟೇಷನ್ 5 ಗೇಮ್ ಕನ್ಸೋಲ್ ಜೋಡಿಸಿ ಆಡಲು ಕೂತೆ. ಒಂದು ಜಾಗದಲ್ಲಿ ಬಂಡೆಯ ತುದಿಯಿಂದ ಎದುರಿನ ಬಂಡೆಗೆ ಹಾರಬೇಕು. ಹಳೇ ಟಿವಿಯಲ್ಲಿ ಕಣ್ಣು ಮುಚ್ಚಿ ಹಾರುತ್ತಿದ್ದ ಜಾಗ. ಇಲ್ಲಿ ಬಟನ್ ಒತ್ತುತ್ತೇನೆ, ಗೇಮ್‌ನ ನಾಯಕ ಇನ್ನೂ ಎರಡು ಹೆಜ್ಜೆ ಓಡಿ ಸೀದಾ ಕಂದಕಕ್ಕೆ ಬೀಳುತ್ತಾನೆ. ಹನ್ನೊಂದು ಸಲ. ಕಂಟ್ರೋಲರ್ ಹಾಳಾಗಿದೆ ಅಂದುಕೊಂಡು ವೈರ್ ಹಾಕಿ ನೋಡಿದೆ, ಇನ್ನೊಂದು ಕಂಟ್ರೋಲರ್ ತಂದೆ, ಅದೇ ಹಾಡು. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಅಂತ ತಮ್ಮ ನಕ್ಕ. ಆದರೆ ಈ ಸಲ ನಿಜವಾಗಿಯೂ ನೆಲವೇ ಡೊಂಕಾಗಿತ್ತು.

ಆಗುವುದೇನು ಅಂದರೆ, ಟಿವಿ ತನಗೆ ಬಂದ ಚಿತ್ರವನ್ನು ಬಂದ ಹಾಗೆ ತೋರಿಸುವುದಿಲ್ಲ. ಒಳಗೆ ಇಟ್ಟುಕೊಂಡು ಬಣ್ಣ ಹಚ್ಚುತ್ತದೆ, ಅಂಚು ತೀಡುತ್ತದೆ, ಎರಡು ಫ್ರೇಮ್‌ಗಳ, ಅಂದರೆ ಬಿಡಿ ಚಿತ್ರಗಳ, ನಡುವೆ ತಾನೇ ಒಂದು ಹೊಸ ಫ್ರೇಮ್ ಕಲ್ಪಿಸಿ ತುರುಕುತ್ತದೆ, ಆಮೇಲೆ ಹೊರಗೆ ಬಿಡುತ್ತದೆ. ಸಿನಿಮಾಗೆ ಇದರಿಂದ ತೊಂದರೆ ಇಲ್ಲ, ಮಾತೂ ಅಷ್ಟೇ ತಡವಾಗಿ ಬರುತ್ತದೆ, ಗೊತ್ತೇ ಆಗುವುದಿಲ್ಲ. ಗೇಮ್‌ನಲ್ಲಿ ಬೆರಳು ಒತ್ತಿದ್ದು ಈಗ, ಕಣ್ಣಿಗೆ ಕಂಡಿದ್ದು ಆಮೇಲೆ. ಈ ತಿದ್ದುವ ಕೆಲಸವನ್ನು ಆದಷ್ಟು ಬಿಟ್ಟುಬಿಡುವ ಗೇಮ್ ಮೋಡ್ ಅಂತ ಒಂದಿದೆ, ಅದು ಇಲ್ಲದಾಗ ಎಷ್ಟೋ ಟಿವಿಗಳಲ್ಲಿ ಈ ತಡ 100 ಮಿಲಿಸೆಕೆಂಡ್ ಆಸುಪಾಸು ಇರುತ್ತದೆ. ಸೆಕೆಂಡಿಗೆ 60 ಫ್ರೇಮ್ ಓಡುವ ಗೇಮ್‌ನಲ್ಲಿ ಒಂದು ಫ್ರೇಮ್ ಅಂದರೆ 16.7 ಮಿಲಿಸೆಕೆಂಡ್, ಅಂದರೆ ನೀವು ಆರು ಫ್ರೇಮ್ ಹಿಂದಿನ ಲೋಕ ನೋಡುತ್ತಾ ಆಡುತ್ತಿದ್ದೀರಿ. ಗೇಮ್ ಮೋಡ್ ಹಾಕಿದರೆ ಈಗಿನ ಒಳ್ಳೆಯ ಟಿವಿಗಳಲ್ಲಿ ಇದು 10-15 ಮಿಲಿಸೆಕೆಂಡ್‌ಗೆ ಇಳಿಯುತ್ತದೆ. ನಾನೂ ಹಾಕಿದೆ. ಅದೇ ಬಂಡೆ, ಮೊದಲ ಪ್ರಯತ್ನಕ್ಕೇ ಹಾರಿದೆ. ತಮ್ಮ ಏನೂ ಮಾತಾಡಲಿಲ್ಲ.

ಈ ಗೇಮ್ ಮೋಡ್ ಈ ಟಿವಿಯಲ್ಲಿ ಎಲ್ಲಿದೆ ಗೊತ್ತಾ? ಸೆಟ್ಟಿಂಗ್ಸ್ ಒಳಗೆ ಹೋಗಿ, ಅಲ್ಲಿ ಚಿತ್ರದ ಮೆನು ಅಲ್ಲ, "ಬಾಹ್ಯ ಸಾಧನ" ಅನ್ನೋ ಮೆನುವಿನ ಮೂರನೇ ಪುಟದಲ್ಲಿ. ಇದಕ್ಕೆ ಅರ್ಧ ಸ್ಟಾರ್ ಕಟ್. ಎಎಲ್‌ಎಲ್‌ಎಂ ಅಂತ ಒಂದು ಸೌಲಭ್ಯ ಇದೆ, ಕನ್ಸೋಲ್ ಆನ್ ಆದ ತಕ್ಷಣ ಟಿವಿ ತಾನೇ ಗೇಮ್ ಮೋಡ್‌ಗೆ ಹೋಗುತ್ತದೆ. ಅದೂ ಆಫ್ ಆಗಿಯೇ ಬಂದಿತ್ತು. ಒಮ್ಮೆ ಆನ್ ಮಾಡಿ ಮರೆತುಬಿಡಿ.

ಇನ್ನು ನನ್ನದೇ ತಪ್ಪು ಒಂದು. ಅಭ್ಯಾಸ ಬಲದಿಂದ ಕೇಬಲನ್ನು ಎಚ್‌ಡಿಎಂಐ 1ಕ್ಕೆ ಚುಚ್ಚಿದ್ದೆ. ಹಿಂದೆ ನಾಲ್ಕು ಪೋರ್ಟ್ ಇವೆ, ಆದರೆ 4ಕೆಯನ್ನು 120 ಹರ್ಟ್ಸ್‌ನಲ್ಲಿ ತೆಗೆದುಕೊಳ್ಳುವುದು ಎರಡೇ, 3 ಮತ್ತು 4. ಪೋರ್ಟ್ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದೆ, ಟಾರ್ಚ್ ಹಿಡಿದು ಟಿವಿ ಹಿಂದೆ ತಲೆ ತೂರಿಸಿದರೆ ಕಾಣುತ್ತದೆ. ಎಚ್‌ಡಿಎಂಐ 2.0 ಸೆಕೆಂಡಿಗೆ 18 ಗಿಗಾಬಿಟ್ ಸಾಗಿಸುತ್ತದೆ, 2.1 ಆದರೆ 48ರವರೆಗೆ. ಸಣ್ಣ ಪೈಪಿನಲ್ಲಿ 4ಕೆ 120 ಹೋಗುವುದಿಲ್ಲ, ಅಷ್ಟೇ ಲೆಕ್ಕ. ಇನ್ನೊಂದು ತಮಾಷೆ, ಆ ಎರಡು ದೊಡ್ಡ ಪೋರ್ಟ್‌ಗಳಲ್ಲಿ ಒಂದು ಸೌಂಡ್‌ಬಾರ್‌ಗೆ ಬೇಕಾದ ಇಎಆರ್‌ಸಿ ಪೋರ್ಟ್ ಕೂಡ. ಎರಡು ಕನ್ಸೋಲ್, ಒಂದು ಸೌಂಡ್‌ಬಾರ್ ಇರುವವರು ಕೊಳ್ಳುವ ಮೊದಲೇ ಇದನ್ನು ನೋಡಿಕೊಳ್ಳಿ. ಕೇಬಲ್ ಮಾತ್ರ ಕನ್ಸೋಲ್ ಜೊತೆ ಬಂದಿದ್ದನ್ನೇ ಬಳಸಿ. ಬೇರೆ ಬೇಕಾದರೆ ಅಲ್ಟ್ರಾ ಹೈ ಸ್ಪೀಡ್ ಅಂತ ಲೇಬಲ್ ಇರುವುದನ್ನು ನೋಡಿ ತನ್ನಿ. ಅದಕ್ಕಿಂತ ಹೆಚ್ಚು ದುಡ್ಡು ಕೊಟ್ಟು ಚಿನ್ನದ ಲೇಪನದ ಕೇಬಲ್ ತಂದರೆ ಚಿತ್ರ ಚಿನ್ನವಾಗುವುದಿಲ್ಲ.

ಸರಿಯಾದ ಪೋರ್ಟ್‌ಗೆ ಹಾಕಿದರೂ ಎಚ್‌ಡಿಆರ್, ಅಂದರೆ ಬೆಳಕು-ಕತ್ತಲಿನ ವ್ಯಾಪ್ತಿ ಹೆಚ್ಚಿರುವ ಚಿತ್ರ, ಬರಲಿಲ್ಲ. ಕನ್ಸೋಲ್ ಮೆನುವಿನಲ್ಲಿ ಆ ಆಯ್ಕೆಯೇ ಮಂಕಾಗಿ ಕೂತಿತ್ತು. ಸಹಾಯವಾಣಿಗೆ ಫೋನ್ ಮಾಡಿದೆ. ಅತ್ತ ಕಡೆಯವರು "ಕೇಬಲ್ ಬದಲಾಯಿಸಿ ಸರ್" ಅಂದರು, ಬದಲಾಯಿಸಿದೆ. "ಫ್ಯಾಕ್ಟರಿ ರೀಸೆಟ್ ಮಾಡಿ ಸರ್" ಅಂದರು, ಅದನ್ನೂ ಮಾಡಿದೆ, ಅಷ್ಟರವರೆಗೆ ಸರಿಮಾಡಿದ್ದೆಲ್ಲ ಅಳಿಸಿಹೋಗಿ ಟಿವಿ ಮತ್ತೆ ಕಣ್ಣು ಕುಕ್ಕುವ ವಿವಿಡ್ ಮೋಡ್‌ಗೆ ಹೋಗಿ ಕೂತಿತು. ಕೊನೆಗೆ ನಾನೇ ಹುಡುಕಿದೆ. ಪೋರ್ಟ್ ಎಷ್ಟೇ ದೊಡ್ಡದಿದ್ದರೂ ಅದರ ಪೂರ್ತಿ ಸಾಮರ್ಥ್ಯವನ್ನು ಟಿವಿಯಲ್ಲಿ ಬೇರೆಯಾಗಿ ಆನ್ ಮಾಡಬೇಕು. ಒಬ್ಬೊಬ್ಬರು ಒಂದೊಂದು ಹೆಸರಿಟ್ಟಿದ್ದಾರೆ. ಸ್ಯಾಮ್‌ಸಂಗ್‌ನಲ್ಲಿ ಇನ್‌ಪುಟ್ ಸಿಗ್ನಲ್ ಪ್ಲಸ್, ಎಲ್‌ಜಿಯಲ್ಲಿ ಎಚ್‌ಡಿಎಂಐ ಡೀಪ್ ಕಲರ್, ಸೋನಿಯಲ್ಲಿ ಎಚ್‌ಡಿಎಂಐ ಸಿಗ್ನಲ್ ಫಾರ್ಮ್ಯಾಟ್ ಒಳಗೆ ಎನ್‌ಹಾನ್ಸ್ಡ್. ನಿಮ್ಮದರಲ್ಲಿ ಇನ್ನೇನೋ ಇರಬಹುದು, ಕನ್ಸೋಲ್ ಇರುವ ಪೋರ್ಟ್‌ಗೆ ಅದನ್ನು ಆನ್ ಮಾಡಿ. ಆಮೇಲೆ ಪ್ಲೇಸ್ಟೇಷನ್‌ನಲ್ಲಿ ವಿಡಿಯೋ ಔಟ್‌ಪುಟ್ ಮಾಹಿತಿ ಅನ್ನೋ ಪುಟ ನೋಡಿ, ಎಕ್ಸ್‌ಬಾಕ್ಸ್‌ನಲ್ಲಿ 4ಕೆ ಟಿವಿ ವಿವರ ಅಂತ ಇದೆ. ಏನು ಬರುತ್ತಿದೆ, ಏನು ಬರುತ್ತಿಲ್ಲ ಅಲ್ಲೇ ಗೊತ್ತಾಗುತ್ತದೆ, ಊಹೆ ಮಾಡಬೇಕಿಲ್ಲ.

ಈಗ ಚಿತ್ರದ ವಿಷಯಕ್ಕೆ ಬರೋಣ. ನನಗೆ ನಿಜವಾಗಿ ಖುಷಿ ಕೊಟ್ಟ ಭಾಗ ಇದು.

ಶಾರ್ಪ್‌ನೆಸ್ ಅನ್ನೋದು ಹೆಸರಲ್ಲೇ ಮೋಸ. ಜಾಸ್ತಿ ಮಾಡಿದರೆ ಚಿತ್ರ ಸ್ಪಷ್ಟವಾಗುತ್ತದೆ ಅಂತ ಎಲ್ಲರೂ ನಂಬಿದ್ದೇವೆ. ಒಂದು ಕೆಲಸ ಮಾಡಿ, ಗೇಮ್‌ನಲ್ಲಿ ಸಬ್‌ಟೈಟಲ್ ಹಾಕಿ, ಟಿವಿ ಹತ್ತಿರ ಹೋಗಿ ಒಂದೇ ಒಂದು ಅಕ್ಷರ ನೋಡಿ. ಅದರ ಸುತ್ತ ಬಿಳಿ ಗೆರೆ ಎಳೆದ ಹಾಗೆ ಕಾಣುತ್ತಿದೆಯಾ? ಆ ಗೆರೆ ಗೇಮ್ ಮಾಡಿದವರು ಹಾಕಿದ್ದಲ್ಲ, ಟಿವಿ ಗೀಚಿದ್ದು. ಆಕಾಶಕ್ಕೆ ಎದುರಾಗಿ ನಿಂತ ಮರದ ಕೊಂಬೆ, ಕರೆಂಟ್ ತಂತಿ ಎಲ್ಲದಕ್ಕೂ ಇದೇ ಗೆರೆ. ನನ್ನ ಟಿವಿಯಲ್ಲಿ ಸೊನ್ನೆಗೆ ಇಳಿಸಿದೆ, ಗೆರೆ ಮಾಯ. ಎಲ್ಲ ಟಿವಿಗೂ ಸೊನ್ನೆಯೇ ಸರಿ ಅಂತಲ್ಲ, ಸೋನಿಯಲ್ಲಿ 50 ಅಂದರೆ ತಟಸ್ಥ, ಅದಕ್ಕಿಂತ ಕೆಳಗೆ ಹೋದರೆ ಮಸುಕಾಗುತ್ತದೆ. ಅಂಕಿ ನೋಡಬೇಡಿ, ಗೆರೆ ನೋಡಿ. ಬಿಳಿ ಅಂಚು ಹೋಗುವಲ್ಲಿಗೆ ನಿಲ್ಲಿಸಿ.

ಹಾಗೆಯೇ ಮೂಲೆಯಲ್ಲಿರುವ ಸಣ್ಣ ಮ್ಯಾಪ್ ಪೂರ್ತಿ ಕಾಣುತ್ತಿದೆಯಾ ನೋಡಿ. ನನ್ನದರಲ್ಲಿ ಅಂಚು ಕತ್ತರಿಸಿತ್ತು. ಇದು ಓವರ್‌ಸ್ಕ್ಯಾನ್, ಹಳೇ ಪಿಕ್ಚರ್ ಟ್ಯೂಬ್ ಕಾಲದ ಪಳೆಯುಳಿಕೆ. ಆಗ ಅಂಚಿನ ಗಲೀಜು ಕಾಣದಿರಲಿ ಅಂತ ಚಿತ್ರವನ್ನು ಸ್ವಲ್ಪ ಹಿಗ್ಗಿಸಿ ತೋರಿಸುತ್ತಿದ್ದರು. 4ಕೆ ಟಿವಿಯಲ್ಲಿ ಇದು ಯಾಕಿರಬೇಕೋ ದೇವರಿಗೇ ಗೊತ್ತು. ಜಸ್ಟ್ ಸ್ಕ್ಯಾನ್, ಫುಲ್ ಪಿಕ್ಸೆಲ್, ಫಿಟ್ ಟು ಸ್ಕ್ರೀನ್, ಈ ತರದ ಹೆಸರಿನ ಆಯ್ಕೆ ಹುಡುಕಿ ಹಾಕಿ.

ಬಣ್ಣಕ್ಕೆ ಬಂದರೆ, ಇಲ್ಲಿ ಜಗಳ ಖಚಿತ. ವಿವಿಡ್ ಬಿಟ್ಟು ಬಣ್ಣದ ತಾಪವನ್ನು ವಾರ್ಮ್‌ಗೆ ಇಳಿಸಿದ ದಿನ ಮನೆಯವರೆಲ್ಲ "ಏನೋ ಇದು, ಕಾಮಾಲೆ ಬಂದ ಹಾಗಿದೆ" ಅಂದರು. ನನಗೂ ಹಾಗೇ ಅನಿಸಿತು. ಆದರೆ ಗೇಮ್, ಸಿನಿಮಾ ಮಾಡುವವರು 6500 ಕೆಲ್ವಿನ್ ಹತ್ತಿರದ ಬಿಳಿಯನ್ನು ಇಟ್ಟುಕೊಂಡು ಬಣ್ಣ ಕೂರಿಸುತ್ತಾರೆ, ಹೆಚ್ಚಿನ ಟಿವಿಗಳಲ್ಲಿ ವಾರ್ಮ್ ಅನ್ನುವುದೇ ಅದಕ್ಕೆ ಹತ್ತಿರ. ಕಣ್ಣಿಗೆ ಅಭ್ಯಾಸವಾಗಲು ಮೂರು ನಾಲ್ಕು ದಿನ ಬೇಕು. ಐದನೇ ದಿನ ಸುಮ್ನೆ ವಿವಿಡ್‌ಗೆ ಹಾಕಿ ನೋಡಿದೆ, ಹಿಮ ನೀಲಿ ಬಳಿದ ಗೋಡೆಯ ಹಾಗೆ ಕಂಡಿತು. ವಾಪಸ್ ಬಂದೆ. ನಿಮಗೆ ಇಷ್ಟವಾಗದಿದ್ದರೆ ನಡುವಿನದ್ದು ಇಟ್ಟುಕೊಳ್ಳಿ, ಇದಕ್ಕೆ ಯಾರೂ ಜೈಲಿಗೆ ಹಾಕುವುದಿಲ್ಲ. ವಿದ್ಯುತ್ ಉಳಿತಾಯ ಮತ್ತು ಕೋಣೆಯ ಬೆಳಕು ನೋಡಿ ಹೊಳಪು ಬದಲಾಯಿಸುವ ಸೆನ್ಸರ್ ಮಾತ್ರ ಆಡುವಾಗ ಆಫ್ ಇರಲಿ, ಕತ್ತಲ ದೃಶ್ಯದಲ್ಲಿ ಇದ್ದಕ್ಕಿದ್ದಂತೆ ಪರದೆ ಮಂಕಾಗುವುದು ಇದರಿಂದಲೇ.

ಬ್ರೈಟ್‌ನೆಸ್ ಅನ್ನೋ ಪದ ಇನ್ನೊಂದು ಗೊಂದಲ. ಎಷ್ಟೋ ಟಿವಿಗಳಲ್ಲಿ ಅದು ಬೆಳಕನ್ನು ಜಾಸ್ತಿ ಮಾಡುವುದಿಲ್ಲ, ಕಪ್ಪನ್ನು ಬೂದು ಮಾಡುತ್ತದೆ. ಬೆಳಕು ಬೇಕಾದರೆ ಬ್ಯಾಕ್‌ಲೈಟ್ ಏರಿಸಿ. ಬ್ರೈಟ್‌ನೆಸ್ ಸರಿಮಾಡಿದ ಮೇಲೂ ಕಪ್ಪು ಬೂದಾಗಿ ತೇಲಿದರೆ, ಅಥವಾ ಕತ್ತಲಲ್ಲಿ ಎಲ್ಲ ಮಸಿಯಾಗಿ ಒಂದೂ ಕಾಣದಿದ್ದರೆ, ಕನ್ಸೋಲ್‌ನ ಆರ್‌ಜಿಬಿ ರೇಂಜ್ ಮತ್ತು ಟಿವಿಯ ಎಚ್‌ಡಿಎಂಐ ಬ್ಲ್ಯಾಕ್ ಲೆವೆಲ್ ಒಂದಕ್ಕೊಂದು ಹೊಂದುತ್ತಿಲ್ಲ ಅಂತ ಅರ್ಥ. ಕಪ್ಪಿನಿಂದ ಬಿಳಿಯವರೆಗೆ ಒಂದು 0ಯಿಂದ 255ರ ಲೆಕ್ಕದಲ್ಲಿ, ಇನ್ನೊಂದು 16ರಿಂದ 235ರ ಲೆಕ್ಕದಲ್ಲಿ ಮಾತಾಡುತ್ತಿರುತ್ತವೆ. ಎರಡನ್ನೂ ಆಟೋಗೆ ಬಿಡಿ, ಸಾಮಾನ್ಯವಾಗಿ ರಾಜಿಯಾಗುತ್ತವೆ.

ಎಚ್‌ಡಿಆರ್ ಬಗ್ಗೆ ಇಷ್ಟು ನೆನಪಿಡಿ, ಕ್ರಮ ಮುಖ್ಯ. ಮೊದಲು ಟಿವಿಯನ್ನು ಗೇಮ್ ಮೋಡ್‌ಗೆ ಹಾಕಿ. ಟೋನ್ ಮ್ಯಾಪಿಂಗ್ (ತನ್ನ ತಾಕತ್ತಿಗೆ ತಕ್ಕಂತೆ ಟಿವಿ ಹೊಳಪು ಹಿಂಡುವ ಕೆಲಸ) ಮೆನುವಿನಲ್ಲಿ ಎಚ್‌ಜಿಐಜಿ ಅಂತ ಇದ್ದರೆ ಅದನ್ನು ಆರಿಸಿ, ಆಗ ಆ ಕೆಲಸ ಕನ್ಸೋಲ್‌ಗೇ ಬಿಟ್ಟಂತೆ. ಆಮೇಲೆ ಕನ್ಸೋಲ್‌ನ ಎಚ್‌ಡಿಆರ್ ಹೊಂದಾಣಿಕೆಗೆ ಹೋಗಿ. ಪ್ಲೇಸ್ಟೇಷನ್ 5ರಲ್ಲಿ ಮೂರು ಪರದೆ ಬರುತ್ತವೆ, ಸೂರ್ಯನ ಚಿಹ್ನೆ ಇನ್ನೇನು ಕಾಣದಾಗಬೇಕು ಅನ್ನುವಲ್ಲಿಗೆ ತಂದು ನಿಲ್ಲಿಸಬೇಕು. ನಾನು ಉಲ್ಟಾ ಮಾಡಿದ್ದೆ. ಟಿವಿ ತಾನೇ ಹೊಳಪು ಹಿಂಡುತ್ತಿದ್ದಾಗ ಹೊಂದಿಸಿದ್ದರಿಂದ ಆ ಸೂರ್ಯ ಎಷ್ಟು ಒತ್ತಿದರೂ ಮುಳುಗಲೇ ಇಲ್ಲ. ಅಂದರೆ ಟಿವಿ ತನ್ನ ತಾಕತ್ತನ್ನು ಸುಳ್ಳು ಹೇಳಿತು, ಕನ್ಸೋಲ್ ನಂಬಿತು, ಆಮೇಲೆ ಗೇಮ್‌ನಲ್ಲಿ ಮೋಡಗಳೆಲ್ಲ ಬರೀ ಬಿಳಿ ಹಾಳೆ. ಎಚ್‌ಜಿಐಜಿ ಹಾಕಿ ಮತ್ತೆ ಹೊಂದಿಸಿದಾಗ ಅದೇ ಮೋಡದ ಒಳಗೆ ಮಡಿಕೆಗಳು ಕಂಡವು, ಅದರ ಹಿಂದಿನ ಹಳದಿ ಕಂಡಿತು. ಎರಡು ನಿಮಿಷ ಆಡೋದು ಬಿಟ್ಟು ಸುಮ್ನೆ ಆಕಾಶ ನೋಡುತ್ತಾ ನಿಂತಿದ್ದೆ, ಅಷ್ಟರಲ್ಲಿ ಹಿಂದಿನಿಂದ ಯಾರೋ ಬಂದು ಹೊಡೆದು ಸಾಯಿಸಿದರು. ಕನ್ಸೋಲ್‌ನಲ್ಲಿ ಎಚ್‌ಡಿಆರ್ "ಯಾವಾಗಲೂ" ಬೇಡ, "ಬೆಂಬಲ ಇದ್ದಾಗ" ಅಂತ ಇಡಿ, ಇಲ್ಲದಿದ್ದರೆ ಹಳೇ ಗೇಮ್‌ಗಳಿಗೂ ಬಲವಂತವಾಗಿ ಎಚ್‌ಡಿಆರ್ ವೇಷ ಹಾಕಿಸುತ್ತದೆ. ಇನ್ನೊಂದು, ಎಚ್‌ಡಿಆರ್‌ಗೂ ಸಾದಾ ಚಿತ್ರಕ್ಕೂ ನನ್ನ ಟಿವಿ ಬೇರೆ ಬೇರೆ ನೆನಪು ಇಟ್ಟುಕೊಳ್ಳುತ್ತದೆ. ಒಂದರಲ್ಲಿ ಶಾರ್ಪ್‌ನೆಸ್ ಇಳಿಸಿದರೆ ಇನ್ನೊಂದರಲ್ಲಿ ಇಳಿದಿರುವುದಿಲ್ಲ, ಎರಡು ಸಲ ಮಾಡಬೇಕು.

ಚಲನೆ ನಯ ಮಾಡುವ ಆಯ್ಕೆ, ಅಂದರೆ ಮೋಷನ್ ಸ್ಮೂತಿಂಗ್, ನನ್ನ ಮಟ್ಟಿಗೆ ಬೇಡವೇ ಬೇಡ. ನಡುವೆ ಫ್ರೇಮ್ ತುರುಕಲು ಮುಂದಿನ ಫ್ರೇಮ್ ಬರುವವರೆಗೆ ಟಿವಿ ಕಾಯಲೇಬೇಕು, ಕಾದರೆ ತಡ. ನಿಜವಾದ ನಯ ಬೇಕಾದರೆ ಗೇಮ್‌ನ ಒಳಗೇ ಪರ್ಫಾರ್ಮೆನ್ಸ್ ಮೋಡ್ ಆರಿಸಿ, ಸಾಮಾನ್ಯವಾಗಿ 30ರ ಬದಲು 60 ಫ್ರೇಮ್ ಸಿಗುತ್ತದೆ. ಅದರ ಎದುರು ಹುಲ್ಲಿನ ಎಸಳು ಸ್ವಲ್ಪ ಕಡಿಮೆ ಕಂಡರೆ ನಷ್ಟವೇನಿಲ್ಲ.

ಈ ಟಿವಿಯ ನಿಜವಾದ ಕುಂದು ವಿಆರ್‌ಆರ್‌ನಲ್ಲಿದೆ. ಗೇಮ್‌ನ ಫ್ರೇಮ್ ವೇಗ ಏರಿಳಿದರೆ ಪರದೆಯೂ ಅದಕ್ಕೆ ತಕ್ಕಂತೆ ಹೆಜ್ಜೆ ಹಾಕುವ ವ್ಯವಸ್ಥೆ ಅದು, ಚಿತ್ರ ಅಡ್ಡಕ್ಕೆ ಹರಿದಂತೆ ಕಾಣುವುದು ನಿಲ್ಲುತ್ತದೆ. ಪ್ಲೇಸ್ಟೇಷನ್ 5ಕ್ಕೆ 2022ರ ಏಪ್ರಿಲ್‌ನಲ್ಲಿ ಅಪ್‌ಡೇಟ್ ಮೂಲಕ ಬಂತು, 48ರಿಂದ 120 ಹರ್ಟ್ಸ್ ನಡುವೆ ಕೆಲಸ ಮಾಡುತ್ತದೆ. ಇಲ್ಲಿ ಅದನ್ನು ಆನ್ ಮಾಡಿದ ಕೂಡಲೇ ಲೋಕಲ್ ಡಿಮ್ಮಿಂಗ್ ತಾನೇ ಕೆಳಮಟ್ಟಕ್ಕೆ ಇಳಿದು, ಗುಹೆಯ ಕತ್ತಲು ಬೂದಿಯಾಗುತ್ತದೆ, ನಾಯಕನ ಜೀವ ಎಷ್ಟು ಉಳಿದಿದೆ ಅಂತ ತೋರಿಸುವ ಪಟ್ಟಿಯ ಸುತ್ತ ಬೆಳಕಿನ ಮಬ್ಬು ಹರಡುತ್ತದೆ. ನಯ ಬೇಕಾ, ಕಪ್ಪು ಬೇಕಾ ಅಂತ ಆರಿಸಿಕೊಳ್ಳಬೇಕು. ರೇಸಿಂಗ್‌ಗೆ ಆನ್, ಕತ್ತಲ ಕಥೆಗಳಿಗೆ ಆಫ್ ಮಾಡಿಕೊಂಡಿದ್ದೇನೆ. ಇದಕ್ಕೆ ಉಳಿದ ಅರ್ಧ ಸ್ಟಾರ್ ಕಟ್. ಪ್ರತಿ ಚುಕ್ಕಿಯೂ ತಾನೇ ಬೆಳಗುವ ಓಎಲ್‌ಇಡಿ ತಗೊಂಡಿದ್ದರೆ ಈ ಮಬ್ಬಿನ ಕಾಟ ಇರುತ್ತಿರಲಿಲ್ಲ, ಆದರೆ ನಾನು ಒಂದೇ ಗೇಮನ್ನು ದಿನಕ್ಕೆ ಆರು ಗಂಟೆ ಆಡುವವನು, ಅಲ್ಲಾಡದ ಸ್ಕೋರ್ ಪಟ್ಟಿ ಪರದೆಯಲ್ಲಿ ಅಚ್ಚೊತ್ತೀತು ಅನ್ನೋ ಭಯಕ್ಕೆ ಎಲ್‌ಇಡಿ ಆರಿಸಿದ್ದು.

ಹೋದ ತಿಂಗಳು ರಾತ್ರಿ ಒಂದು ಸಾಫ್ಟ್‌ವೇರ್ ಅಪ್‌ಡೇಟ್ ತಾನಾಗಿ ಕೂತಿತು. ಬೆಳಗ್ಗೆ ಆನ್ ಮಾಡಿದರೆ ಶಾರ್ಪ್‌ನೆಸ್ ಮತ್ತೆ 20, ಸೆನ್ಸರ್ ಮತ್ತೆ ಆನ್, ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು. ಪುಣ್ಯಕ್ಕೆ ಪ್ರತಿ ಮೆನುವಿನ ಫೋಟೋ ಫೋನ್‌ನಲ್ಲಿ ಇಟ್ಟುಕೊಂಡಿದ್ದೆ. ಹತ್ತು ನಿಮಿಷದಲ್ಲಿ ಎಲ್ಲ ವಾಪಸ್ ಹಾಕಿ, ಬಂಡೆ ಹಾರಿ ನೋಡಿದೆ. ಹಾರಿದ.