ಮೆಯಿನ್ ಸ್ವಿಚ್ ಇಳಿಸಿದರೂ ಸೋಲಾರ್ ಪ್ಯಾನೆಲ್‌ನಲ್ಲಿ ಕರೆಂಟ್ ಇರುತ್ತದೆ

ಕಳೆದ ನವರಾತ್ರಿಯಲ್ಲಿ, ಆಯುಧಪೂಜೆಗೆ ಎರಡು ದಿನ ಇರುವಾಗ, ಸೋಲಾರ್ ಪ್ಯಾನೆಲ್ ತೊಳೆಯಲು ಮನೆಯ ಮಾಡು (ಛಾವಣಿ) ಹತ್ತಿದ ನನ್ನ ಮಗನಿಗೆ ಶಾಕ್ ಹೊಡೆಯಿತು. ಅವನು ಹತ್ತುವ ಮೊದಲು ಕೆಳಗೆ ಮೆಯಿನ್ ಸ್ವಿಚ್ ಇಳಿಸಿ, "ಕರೆಂಟ್ ತೆಗೆದಿದ್ದೇನೆ, ಇನ್ನು ಹತ್ತು" ಎಂದು ಹೇಳಿದವನು ನಾನೇ. ಮನೆಯ ದೀಪ, ಫ್ಯಾನುಗಳೆಲ್ಲ ಆರಿದ್ದನ್ನು ಕಣ್ಣಾರೆ ನೋಡಿ ಆ ಮಾತು ಹೇಳಿದ್ದೆ. ಪ್ಯಾನೆಲ್‌ಗಳ ಮಟ್ಟಿಗೆ ಅದು ತಪ್ಪಾಗಿತ್ತು. ಅದೇ ತಪ್ಪು ತಿಳಿವಳಿಕೆ ನಮ್ಮೂರಿನ ಹಲವು ಮನೆಗಳಲ್ಲಿ ಇರುವುದನ್ನು ಆಮೇಲೆ ಕಂಡುಕೊಂಡ ಕಾರಣ ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ನಮ್ಮ ಮನೆ ಉಡುಪಿಯಲ್ಲಿ, ಮಲ್ಪೆಯ ಕಡಲಿನಿಂದ ಸುಮಾರು ಒಂದೂವರೆ ಕಿಲೋಮೀಟರ್ ಒಳಗಿದೆ. ಕರಾವಳಿಯ ಹೆಚ್ಚಿನ ಮನೆಗಳಂತೆ ಟೆರೇಸಿನ ಮೇಲೆ ಕಬ್ಬಿಣದ ಚೌಕಟ್ಟು ಎಬ್ಬಿಸಿ ಶೀಟು ಹೊದಿಸಿದ್ದೇವೆ. 2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರದ ಪಿಎಂ ಸೂರ್ಯ ಘರ್ ಯೋಜನೆ ಆರಂಭವಾಗಿ, ಮನೆಯ ಮೇಲೆ ಹಾಕಿಸುವ 3 ಕಿಲೋವ್ಯಾಟ್‌ನ ಸೋಲಾರ್ ಘಟಕಕ್ಕೆ 78,000 ರೂಪಾಯಿ ಸಹಾಯಧನ ಸಿಗುತ್ತದೆ ಎಂದು ತಿಳಿದ ಮೇಲೆ ನಾವೂ ಅರ್ಜಿ ಹಾಕಿದೆವು. ಆ ಶೀಟಿನ ಮೇಲೆ 540 ವ್ಯಾಟ್‌ನ ಆರು ಪ್ಯಾನೆಲ್‌ಗಳು ಕುಳಿತವು. ಮೊದಲ ವರ್ಷ ಯಾವ ತೊಂದರೆಯೂ ಇರಲಿಲ್ಲ. ಬಿಸಿಲಿನ ದಿನ 12 ಯೂನಿಟ್‌ವರೆಗೆ ಬರುತ್ತಿತ್ತು.

ಎರಡನೆಯ ಮಳೆಗಾಲದಲ್ಲಿ, ಪ್ಯಾನೆಲ್‌ನ ಡಿಸಿ ಕರೆಂಟನ್ನು ಮನೆಗೆ ಬೇಕಾದ ಎಸಿಯಾಗಿ ಬದಲಿಸುವ ಇನ್ವರ್ಟರ್ ಬೆಳಿಗ್ಗೆ ಕೆಂಪು ದೀಪ ತೋರಿಸತೊಡಗಿತು. ಪರದೆಯಲ್ಲಿ 'ಐಸೊಲೇಷನ್ ಫಾಲ್ಟ್' ಎಂದು ಬರುತ್ತಿತ್ತು. ಒಂಬತ್ತು, ಒಂಬತ್ತೂವರೆಯ ಹೊತ್ತಿಗೆ ಬಿಸಿಲೇರಿದಂತೆ ತಾನಾಗಿ ಹಸಿರಾಗಿ ಕೆಲಸ ಶುರುಮಾಡುತ್ತಿತ್ತು. ಅಳವಡಿಸಿದವರಿಗೆ ಫೋನ್ ಮಾಡಿದಾಗ ಸಿಕ್ಕಿದ ಉತ್ತರ, "ಅದು ಎಂತ ಇಲ್ಲ ಸರ್, ಮಳೆಗೆ ಹಾಗೆ ಬರ್ತದೆ, ಮಳೆ ಬಿಟ್ಟ ಮೇಲೆ ಸರಿಯಾಗ್ತದೆ" ಎಂದು. ನಾನು ಅದನ್ನು ನಂಬಿದೆ. ಹೀಗೆ ಐದಾರು ವಾರ ಕಳೆಯಿತು. ಅಷ್ಟರಲ್ಲಿ ಬಿಸಿಲು ಬಿದ್ದ ದಿನವೂ 9 ಯೂನಿಟ್ ದಾಟದೆ ಇದ್ದಾಗ, ಪ್ಯಾನೆಲ್ ಮೇಲೆ ಪಾಚಿ, ಹಕ್ಕಿ ಹಿಕ್ಕೆ ಕೂತಿರಬೇಕು ಎಂದುಕೊಂಡು ಆಯುಧಪೂಜೆಯ ಒಳಗೆ ತೊಳೆದುಬಿಡಬೇಕೆಂದು ನಿರ್ಧರಿಸಿದೆವು. ಬೆಳಿಗ್ಗೆ ಎರಡು ಮೂರು ಗಂಟೆ ಕಾಲ ಇನ್ವರ್ಟರ್ ಕೆಲಸವನ್ನೇ ಮಾಡುತ್ತಿಲ್ಲ, ಯೂನಿಟ್ ಇಳಿದದ್ದಕ್ಕೆ ಅದೂ ಕಾರಣ ಎಂಬುದು ನನಗೆ ಹೊಳೆಯಲೇ ಇಲ್ಲ.

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗ ರಜೆಗೆ ಬಂದಿದ್ದ. ಬೆಳಿಗ್ಗೆ ಹತ್ತು ಗಂಟೆ ಸುಮಾರಿಗೆ, ಒಂದು ಮಳೆ ಬಂದು ನಿಂತ ಮೇಲೆ, ಅಲ್ಯೂಮಿನಿಯಂ ಏಣಿ ಇಟ್ಟು ಬರಿಗಾಲಲ್ಲಿ ಹತ್ತಿದ. ಚಪ್ಪಲಿ ಹಾಕಿದರೆ ಪಾಚಿಗೆ ಜಾರುತ್ತದೆ ಎಂದು ಅದನ್ನು ಬಿಡಿಸಿದವನೂ ನಾನೇ. ಪೈಪಿನಿಂದ ನೀರು ಬಿಟ್ಟು, ಬಲಗೈಯಲ್ಲಿ ಬ್ರಷ್ ಹಿಡಿದು ಉಜ್ಜುತ್ತ, ಮೇಲಿನ ಸಾಲಿಗೆ ಕೈ ಎಟುಕಲೆಂದು ಎಡಗೈಯಿಂದ ಪ್ಯಾನೆಲ್‌ನ ಅಂಚನ್ನು ಹಿಡಿದುಕೊಂಡ. ಏಣಿ ಹಿಡಿದು ನಿಂತಿದ್ದ ನನಗೆ ಕೇಳಿಸಿದ್ದು ಒಂದು ಕೂಗಲ್ಲ, ಉಸಿರು ಒಳಗೆ ಎಳೆದುಕೊಂಡಂಥ ಸದ್ದು. ಮರುಕ್ಷಣ ಅವನು ಹಿಂದಕ್ಕೆ ಬಿದ್ದು, ಶೀಟಿನ ಮೇಲೆ ಜಾರಿ, ನೀರಿನ ಟ್ಯಾಂಕಿನ ಕಂಬಕ್ಕೆ ತಾಗಿ ನಿಂತ. ಆ ಕಂಬ ಅಲ್ಲಿಲ್ಲದಿದ್ದರೆ ಎರಡು ಮಾಳಿಗೆಯ ಎತ್ತರದಿಂದ ಅಂಗಳಕ್ಕೆ ಬೀಳುತ್ತಿದ್ದ.

ಎಡ ಅಂಗೈಯಲ್ಲಿ ಅಕ್ಕಿಕಾಳಿನಷ್ಟು ದೊಡ್ಡ, ಬೆಳ್ಳಗಿನ ಎರಡು ಸುಟ್ಟ ಗುರುತುಗಳಿದ್ದವು. ಭುಜದ ಎಲುಬು ಮುರಿದಿತ್ತು. ಅವನು ಎದ್ದು ಮಾತನಾಡುತ್ತಿದ್ದುದರಿಂದ ಎಲುಬಿಗೆ ಪಟ್ಟಿ ಕಟ್ಟಿಸಿ ಕರೆತರಬಹುದು ಎಂದು ನಾವು ಎಣಿಸಿದ್ದೆವು. ವೈದ್ಯರು ಮೊದಲು ಇಸಿಜಿ ಮಾಡಿಸಿ, ರಕ್ತ ಮತ್ತು ಮೂತ್ರ ಪರೀಕ್ಷೆಗೆ ಕಳುಹಿಸಿ, ಆ ರಾತ್ರಿ ಅಲ್ಲೇ ಉಳಿಸಿಕೊಂಡರು. ಕರೆಂಟು ಎದೆಯ ಮೂಲಕ ಹಾದು ಹೋಗಿದ್ದರೆ ಹೃದಯದ ಬಡಿತ ಏರುಪೇರಾಗಬಹುದು, ಒಳಗಿನ ಸ್ನಾಯು ಸುಟ್ಟಿದ್ದರೆ ಅದರ ಪರಿಣಾಮ ಮೂತ್ರಪಿಂಡದ ಮೇಲೂ ಆಗಬಹುದು, ಹೊರಗಿನ ಗಾಯ ಚಿಕ್ಕದೆಂದು ಮನೆಗೆ ಹೋಗಬಾರದು ಎಂದು ಅವರು ವಿವರಿಸಿದರು.

ಮಂಗಳೂರಿನಲ್ಲಿ ಎಲೆಕ್ಟ್ರಿಕಲ್ ಗುತ್ತಿಗೆಯ ಕೆಲಸ ಮಾಡುವ ನನ್ನ ಭಾವ ಮರುದಿನ ಮೆಗ್ಗರ್ (ತಂತಿಯಿಂದ ಕರೆಂಟು ಸೋರುತ್ತಿದೆಯೇ ಎಂದು ಅಳೆಯುವ ಉಪಕರಣ) ಹಿಡಿದುಕೊಂಡು ಬಂದರು. ರಬ್ಬರ್ ಕೈಗವಸು ಹಾಕಿಕೊಂಡು ಒಂದೊಂದೇ ಪ್ಯಾನೆಲ್‌ನ ಅಡಿಯನ್ನು ಪರೀಕ್ಷಿಸಿ, ಆಮೇಲೆ ನನ್ನನ್ನು ಕರೆದು ತೋರಿಸಿದರು. ನಾಲ್ಕನೆಯ ಪ್ಯಾನೆಲ್‌ನ ಕೆಳಗೆ ಕೇಬಲ್ ಕಟ್ಟಿದ್ದ ಬಿಳಿ ಪ್ಲಾಸ್ಟಿಕ್ ಟೈ, ಬಿಸಿಲಿಗೆ ಒಣಗಿ ತುಂಡಾಗಿತ್ತು. ಮುಟ್ಟಿದರೆ ಪುಡಿಯಾಗುತ್ತಿತ್ತು. ಜೋತುಬಿದ್ದ ಕೇಬಲ್ ಗಾಳಿಗೆ ಅಲ್ಲಾಡುತ್ತ ಅಲ್ಯೂಮಿನಿಯಂ ಚೌಕಟ್ಟಿನ ಒಳ ಅಂಚಿಗೆ ಉಜ್ಜಿ ಉಜ್ಜಿ, ಕಪ್ಪು ಹೊದಿಕೆ ಒಂದು ಬೆರಳಿನ ಅಗಲ ಸವೆದು, ಒಳಗಿನ ತಂತಿ ಬೂದುಬಣ್ಣದಲ್ಲಿ ಕಾಣುತ್ತಿತ್ತು. ಅದೇ ಸಾಲಿನ ಇನ್ನೊಂದು ತುದಿಯಲ್ಲಿ, ಪೂರ್ತಿ ಕೂಡಿಸದೆ ಬಿಟ್ಟಿದ್ದ ಒಂದು ಕನೆಕ್ಟರ್ ಶೀಟಿನ ತಗ್ಗಿನಲ್ಲಿ, ಕೊಳೆತ ತೆಂಗಿನ ಗರಿಯ ಅಡಿ, ನೀರಲ್ಲಿ ಮುಳುಗಿತ್ತು. ಇಂಥ ಎರಡು ಲೋಪಗಳಿದ್ದರೂ ಚೌಕಟ್ಟಿನ ಅರ್ಥಿಂಗ್ ಸರಿಯಾಗಿದ್ದರೆ ಮಗ ಮುಟ್ಟಿದಾಗ ಅಷ್ಟು ದೊಡ್ಡ ಆಘಾತ ಆಗುತ್ತಿರಲಿಲ್ಲ ಎಂದು ಭಾವ ಹೇಳಿದರು. ಆದರೆ ಅಲ್ಯೂಮಿನಿಯಂ ಚೌಕಟ್ಟಿಗೆ ತಾಮ್ರದ ತಂತಿಯನ್ನು ನೇರವಾಗಿ ಬಿಗಿದಿದ್ದರು. ಕಡಲ ಉಪ್ಪುಗಾಳಿಯಲ್ಲಿ ಈ ಎರಡು ಲೋಹಗಳು ತಾಗಿಕೊಂಡಿದ್ದರೆ ಅಲ್ಯೂಮಿನಿಯಂ ಬೇಗ ತಿಂದುಹೋಗುತ್ತದೆ. ಬೋಲ್ಟಿನ ಸುತ್ತ ಸುಣ್ಣದಂಥ ಬಿಳಿ ಪುಡಿ ತುಂಬಿತ್ತು, ತಂತಿ ಕೈಗೇ ಬಂತು.

ಹೀಗೆ ಒಂದು ಕಡೆ ಚೌಕಟ್ಟಿಗೆ, ಇನ್ನೊಂದು ಕಡೆ ಒದ್ದೆ ಶೀಟಿಗೆ ತಾಗಿದ್ದ ಕರೆಂಟಿಗೆ ನಡುವೆ ಒಂದು ದಾರಿ ಮಾತ್ರ ಬಾಕಿ ಇತ್ತು. ಎಡಗೈಯಿಂದ ಬರಿಗಾಲಿನವರೆಗೆ ಆ ದಾರಿ ನನ್ನ ಮಗನಾದ.

ಮೆಯಿನ್ ಇಳಿಸಿದ್ದು ಏಕೆ ಉಪಯೋಗಕ್ಕೆ ಬರಲಿಲ್ಲ ಎಂಬುದನ್ನು ದಯವಿಟ್ಟು ಗಮನವಿಟ್ಟು ಓದಿ. ಹೊರಗಿನ ಕರೆಂಟ್ ಹೋದರೆ ಇನ್ವರ್ಟರ್ ತನ್ನಷ್ಟಕ್ಕೆ ನಿಲ್ಲುತ್ತದೆ, ಲೈನ್‌ಮ್ಯಾನ್‌ಗಳ ಜೀವ ಉಳಿಸಲು ಅದನ್ನು ಹಾಗೆಯೇ ರೂಪಿಸಿದ್ದಾರೆ. ಆದರೆ ನಿಲ್ಲುವುದು ಇನ್ವರ್ಟರ್ ಮಾತ್ರ. ಪಂಪು ನಿಲ್ಲಿಸಿದರೆ ಬಾವಿಯ ನೀರು ಬತ್ತುವುದಿಲ್ಲವಲ್ಲ, ಹಾಗೆಯೇ ಬೆಳಕು ಬೀಳುವಷ್ಟು ಹೊತ್ತು ಪ್ಯಾನೆಲ್‌ಗಳಲ್ಲಿ ವೋಲ್ಟೇಜ್ ಇದ್ದೇ ಇರುತ್ತದೆ. ನಮ್ಮದರಂಥ ಒಂದು ಪ್ಯಾನೆಲ್ ಸುಮಾರು 49 ವೋಲ್ಟ್ ಕೊಡುತ್ತದೆ. ಆರನ್ನು ಸಾಲಾಗಿ ಜೋಡಿಸಿದರೆ ಒಟ್ಟು 300 ವೋಲ್ಟ್‌ಗೆ ಹತ್ತಿರವಾಗುತ್ತದೆ. ಮನೆಯ ಪ್ಲಗ್ಗಿನಲ್ಲಿರುವುದು 230. ಇನ್ವರ್ಟರ್ ಪಕ್ಕದಲ್ಲಿರುವ ಡಿಸಿ ಐಸೊಲೇಟರ್ ಎಂಬ ಸ್ವಿಚ್ಚನ್ನು ಆಫ್ ಮಾಡಿದರೂ ಇನ್ವರ್ಟರ್‌ಗೆ ಹೋಗುವ ದಾರಿ ಮಾತ್ರ ಕಡಿಯುತ್ತದೆ, ಪ್ಯಾನೆಲ್‌ನಿಂದ ಐಸೊಲೇಟರ್‌ವರೆಗಿನ ಕೇಬಲ್‌ನಲ್ಲಿ ವೋಲ್ಟೇಜ್ ಹಾಗೆಯೇ ಉಳಿದಿರುತ್ತದೆ. ಮನೆಯೊಳಗಿನ ಸೋರಿಕೆಯನ್ನು ಹಿಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಈ ಡಿಸಿ ಭಾಗವನ್ನು ಕಾಯುವುದಿಲ್ಲ.

ಮೋಡವಿದ್ದಾಗ, ಮುಂಜಾನೆ ಇನ್ನೂ ಬಿಸಿಲು ಬೀಳದಾಗ ಹತ್ತಿದರೆ ಭಯವಿಲ್ಲ ಎಂದು ನನ್ನೊಡನೆ ವಾದಿಸಿದವರಿದ್ದಾರೆ. ಬೆಳಕು ಮಂದವಾಗಿದ್ದರೆ ಕಡಿಮೆಯಾಗುವುದು ಮುಖ್ಯವಾಗಿ ಆಂಪಿಯರ್. ವೋಲ್ಟೇಜ್ ಬೆಳಗಾದ ಸ್ವಲ್ಪ ಹೊತ್ತಿಗೇ ಬಹುಪಾಲು ಏರಿಬಿಟ್ಟಿರುತ್ತದೆ. ಮನುಷ್ಯನ ಜೀವಕ್ಕೆ ಅಪಾಯ ತರಲು ಒಂದು ಆಂಪಿಯರ್‌ನ ಹತ್ತರಲ್ಲೊಂದು ಪಾಲೇ ಧಾರಾಳವಾಯಿತು, ಅಷ್ಟನ್ನು ಮೋಡದ ದಿನವೂ ಪ್ಯಾನೆಲ್ ಕೊಡಬಲ್ಲದು. ಮುಂಜಾನೆ ತೊಳೆಯುವುದು ಒಳ್ಳೆಯದೇ, ಏಕೆಂದರೆ ಕಾದ ಗಾಜಿಗೆ ತಣ್ಣೀರು ಬಿದ್ದರೆ ಅದು ಒಡೆಯಬಹುದು. ಶಾಕ್‌ನಿಂದ ಅದು ಕಾಪಾಡುತ್ತದೆ ಎಂದು ಮಾತ್ರ ತಿಳಿಯಬೇಡಿ.

ಐಸೊಲೇಷನ್ ಫಾಲ್ಟ್ ಎಂದರೆ ಎಲ್ಲೋ ಕರೆಂಟು ಚೌಕಟ್ಟಿಗೋ ನೆಲಕ್ಕೋ ಸೋರುತ್ತಿದೆ ಎಂದು ಇನ್ವರ್ಟರ್ ಹೇಳುತ್ತಿದೆ ಎಂದರ್ಥ. ಪ್ರತಿದಿನ ಕೆಲಸ ಶುರುಮಾಡುವ ಮೊದಲು ಅದು ಈ ಪರೀಕ್ಷೆ ಮಾಡಿಕೊಳ್ಳುತ್ತದೆ. ಒದ್ದೆ ಇದ್ದಾಗ ಸೋರಿಕೆ ಹೆಚ್ಚು, ಒಣಗಿದ ಮೇಲೆ ಕಡಿಮೆ. ಬಿಸಿಲಿಗೆ ಕೆಂಪು ದೀಪ ಹಸಿರಾಯಿತೆಂದರೆ ಕೇಬಲ್‌ನ ಗಾಯ ವಾಸಿಯಾಯಿತೆಂದಲ್ಲ. ನಾವು ತೊಳೆಯಲು ಹೋಗುವುದೇ ನೀರು ಹಿಡಿದುಕೊಂಡು, ಅಂದರೆ ಸೋರಿಕೆ ಅತಿ ಹೆಚ್ಚಾಗುವ ಸ್ಥಿತಿಯನ್ನು ನಾವೇ ಉಂಟುಮಾಡಿಕೊಂಡು. ಮಳೆಗಾಲದಲ್ಲಿ ಒಂದು ಸಲವಾದರೂ ಈ ಸೂಚನೆ ಬಂದಿದ್ದರೆ, ಕೇಬಲ್ ಮತ್ತು ಅರ್ಥಿಂಗ್ ಅಳೆಸಿ ನೋಡುವವರೆಗೆ ಯಾರನ್ನೂ ಮಾಡು ಹತ್ತಿಸಬೇಡಿ, ಕೂಲಿಗೆ ಬಂದ ಹುಡುಗರನ್ನಂತೂ ಖಂಡಿತ ಹತ್ತಿಸಬೇಡಿ. ಇನ್ವರ್ಟರ್ ಏನು ತೋರಿಸಿತ್ತು ಎಂಬುದು ನೀವು ಹೇಳದೆ ಅವರಿಗೆ ತಿಳಿಯುವುದಿಲ್ಲ.

ಈಗ ನಮ್ಮ ಮನೆಯಲ್ಲಿ ತೊಳೆಯುವ ಕ್ರಮ ಬದಲಾಗಿದೆ. ಹಿಂದಿನ ಒಂದು ವಾರದ ಇನ್ವರ್ಟರ್ ದಾಖಲೆ ನೋಡಿ, ದೋಷವಿಲ್ಲದಿದ್ದರೆ ಮಾತ್ರ, ಮೊದಲು ಎಸಿ, ಆಮೇಲೆ ಡಿಸಿ ಐಸೊಲೇಟರ್ ಆಫ್ ಮಾಡುತ್ತೇವೆ. ಶೀಟಿನ ಮೇಲೆ ಹತ್ತುವುದನ್ನೇ ಬಿಟ್ಟಿದ್ದೇವೆ. ಬದಿಯಲ್ಲಿ ಕಟ್ಟಿಸಿದ ಕಾಂಕ್ರೀಟ್ ಕಟ್ಟೆಯ ಮೇಲೆ ರಬ್ಬರ್ ಬೂಟು ಹಾಕಿ ನಿಂತು, ಉದ್ದನೆಯ ಫೈಬರ್ ಕೋಲಿನ ಮೃದು ಬ್ರಷ್‌ನಿಂದ ಗಾಜನ್ನು ಮಾತ್ರ ಉಜ್ಜುತ್ತೇವೆ. ಅಡಿಯ ಕೇಬಲ್‌ಗೆ ನೀರು ಹಾರಿಸುವುದಿಲ್ಲ. ಗಾಜು ಒಡೆದ ಪ್ಯಾನೆಲ್ ಕಂಡರೆ ಅಂದು ನೀರೇ ಬಿಡುವುದಿಲ್ಲ. ಕನೆಕ್ಟರ್‌ಗಳನ್ನು ನಾವು ಎಂದೂ ಎಳೆಯುವುದಿಲ್ಲ: ಡಿಸಿ ಕರೆಂಟ್ ಹರಿಯುವಾಗ ಅದನ್ನು ಬಿಡಿಸಿದರೆ ಏಳುವ ಕಿಡಿ ಎಸಿಯ ಕಿಡಿಯಂತೆ ತಾನಾಗಿ ಆರುವುದಿಲ್ಲ, ಮುಖ ಕೈ ಸುಡುತ್ತದೆ. ಯಾರಾದರೂ ಪ್ಯಾನೆಲ್‌ಗೆ ಅಂಟಿಕೊಂಡರೆ ಇಳಿಸಲು ಸ್ವಿಚ್ ಇಲ್ಲ ಎಂಬುದನ್ನು ಮನೆಯವರೆಲ್ಲರಿಗೂ ಹೇಳಿಟ್ಟಿದ್ದೇನೆ. ಬರಿಗೈಯಲ್ಲಿ ಹಿಡಿದೆಳೆಯದೆ, ಒಣಗಿದ ಬಿದಿರಿನಿಂದ ದೂಡಿ ಬಿಡಿಸಿ 108ಕ್ಕೆ ಕರೆ ಮಾಡಬೇಕು. ಅದಕ್ಕೆಂದೇ ಒಂದು ಬಿದಿರು ಏಣಿಯ ಪಕ್ಕದಲ್ಲಿ, ಮಳೆ ತಾಗದ ಕಡೆ ಒರಗಿಸಿಟ್ಟಿದ್ದೇವೆ.

ನಮ್ಮ ಮುರಕಲ್ಲಿನ ನೆಲ ಏಪ್ರಿಲ್, ಮೇ ತಿಂಗಳಲ್ಲಿ ಒಣಗಿ ಅರ್ಥಿಂಗ್ ಗುಂಡಿ ದುರ್ಬಲವಾಗುವುದರಿಂದ, ಮಳೆ ಹಿಡಿಯುವ ಮೊದಲು ಒಮ್ಮೆ, ನವರಾತ್ರಿಗೆ ಮೊದಲು ಇನ್ನೊಮ್ಮೆ ಅಳೆಯಲು ಭಾವ ಒಪ್ಪಿದ್ದಾರೆ. ತಾಮ್ರ ಮತ್ತು ಅಲ್ಯೂಮಿನಿಯಂ ನಡುವೆ ತವರ ಲೇಪಿಸಿದ ಲಗ್ (ತಂತಿಯ ತುದಿಗೆ ಹಾಕುವ ಲೋಹದ ತುಂಡು) ಹಾಕಿಸಿದ್ದೇವೆ, ಕೇಬಲ್‌ಗಳನ್ನು ಸ್ಟೀಲ್ ಕ್ಲಿಪ್‌ನಲ್ಲಿ ಎತ್ತಿ ಬಿಗಿಸಿದ್ದೇವೆ. ಇದಕ್ಕೆಲ್ಲ ಆದ ಖರ್ಚು ಆಸ್ಪತ್ರೆಯ ಒಂದು ದಿನದ ಬಿಲ್ಲಿಗಿಂತ ಕಡಿಮೆ. ಮಗನ ಎಲುಬು ಕೂಡಿದೆ. ಎಡಗೈಯ ಕಿರುಬೆರಳಿನ ತುದಿಗೆ ಬಿಸಿ ತಣ್ಣಗೆ ಇನ್ನೂ ಸರಿಯಾಗಿ ತಿಳಿಯುವುದಿಲ್ಲ.